‘ಅನ್‌ಲಿಮಿಟೆಡ್’ ರೀಚಾರ್ಜ್ ಮಾಡಿಸಿದರೂ ಸಂಜೆ ಹೊತ್ತು ನೆಟ್ ತೆವಳುವುದೇಕೆ?

ಪ್ರಶ್ನೆ: ನಾನಿರುವುದು ಮಂಡ್ಯದ ಸ್ವರ್ಣಸಂದ್ರದಲ್ಲಿ. ದಿನಕ್ಕೆ 2 ಜಿಬಿಯ, 84 ದಿನದ ಅನ್‌ಲಿಮಿಟೆಡ್ ಪ್ಲಾನ್ ಹಾಕಿಸಿದ್ದೇನೆ. ಫೋನೂ 5ಜಿ. ಸಂಜೆ ಏಳು ಗಂಟೆ ಆಯಿತೆಂದರೆ ನೆಟ್ ಸತ್ತಂತೆ. ಯೂಟ್ಯೂಬ್ ಸುತ್ತುತ್ತಲೇ ಇರುತ್ತದೆ, ಅಂಗಡಿಯಲ್ಲಿ ದುಡ್ಡು ಕಳಿಸಲು ಹೋದರೆ ಮಾನ ಹೋಗುತ್ತದೆ. ಸಿಗ್ನಲ್ ಕಡ್ಡಿ ಮಾತ್ರ ಪೂರ್ತಿ. ಮಗಳನ್ನು ನೋಡಲು ಮೈಸೂರಿನ ಸರಸ್ವತೀಪುರಂಗೆ ಹೋದಾಗ ಅದೇ ಸಿಮ್ ಚೆನ್ನಾಗಿ ಓಡುತ್ತದೆ. ಕೆಲವು ದಿನ ‘90% ಡೇಟಾ ಮುಗಿದಿದೆ’ ಅಂತ ಮೆಸೇಜ್ ಬರುತ್ತದೆ, ಕೆಲವು ದಿನ ಅದೂ ಇಲ್ಲ. ಕಸ್ಟಮರ್ ಕೇರ್‌ನವರು ಫೋನ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಪೋಸ್ಟ್‌ಪೇಯ್ಡ್‌ಗೆ ಎಳೆಯಲು ಬೇಕಂತಲೇ ಸ್ಲೋ ಮಾಡುತ್ತಾರಾ? ಅನ್‌ಲಿಮಿಟೆಡ್ ಅಂತ ಹೇಳಿ ಹೀಗೆ ಮಾಡುವುದು ಮೋಸವಲ್ಲವೇ? ದೂರು ಎಲ್ಲಿ ಕೊಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿರುವುದು ಎರಡು ಬೇರೆ ಬೇರೆ ಕಾಯಿಲೆ. ‘ಸ್ಲೋ’ ಎಂಬ ಹೆಸರು ಮಾತ್ರ ಒಂದೇ. ಮೆಸೇಜ್ ಬಂದ ದಿನ ನಿಮ್ಮ ನೆಟ್ಟನ್ನು ಕಂಪನಿಯೇ, ಪ್ಲಾನಿನ ಷರತ್ತಿನ ಪ್ರಕಾರ, ನಿಧಾನ ಮಾಡಿದೆ. ಮೆಸೇಜ್ ಬಾರದ ದಿನ ಬಹುತೇಕ ನಿಮ್ಮ ಏರಿಯಾದ ಟವರಿನಲ್ಲಿ ಜಾಗ ಸಿಕ್ಕಿಲ್ಲ. ಮೊದಲನೆಯದರ ಮೇಲೆ ದೂರು ಕೊಟ್ಟರೆ ಏನೂ ಗಿಟ್ಟುವುದಿಲ್ಲ. ಎರಡನೆಯದರ ಮೇಲೆ ಕೊಟ್ಟರೆ ಹಿಡಿತ ಸಿಗುತ್ತದೆ. ಆದರೆ ‘ನೆಟ್ ಬರ್ತಿಲ್ಲ’ ಅಂದಷ್ಟೇ ಹೇಳಿದರೆ ಅದೂ ಆಫ್-ಆನ್ ಸಲಹೆಯಲ್ಲೇ ಮುಗಿಯುತ್ತದೆ. ಹಾಗಾಗಿ ಯಾವ ದಿನ ಯಾವ ಕಾಯಿಲೆ ಎಂದು ಬಿಡಿಸಿಕೊಳ್ಳುವುದೇ ಮೊದಲ ಕೆಲಸ.

ಷರತ್ತಿನ ವಿಷಯ ಮೊದಲು. ಮೊಬೈಲ್ ಪ್ಲಾನ್‌ಗಳಲ್ಲಿ ‘ಅನ್‌ಲಿಮಿಟೆಡ್’ ಎಂಬ ಮಾತು ನಿಜವಾಗಿ ಅಂಟಿಕೊಂಡಿರುವುದು ಕಾಲ್‌ಗೆ. ಡೇಟಾದಲ್ಲಿ ಅದಕ್ಕೆ ಅರ್ಥ ಇಷ್ಟೇ: ದಿನದ ಕೋಟಾ ಮುಗಿದ ಮೇಲೆ ಸಂಪರ್ಕ ಕಡಿಯುವುದಿಲ್ಲ, ಹೆಚ್ಚುವರಿ ದುಡ್ಡೂ ಕೀಳುವುದಿಲ್ಲ, ವೇಗ ಇಳಿಸುತ್ತಾರೆ. ಜಿಯೋ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಮೂವರ ಸಾಮಾನ್ಯ ಪ್ರಿಪೇಯ್ಡ್ ಪ್ಲಾನ್‌ಗಳಲ್ಲೂ ಹೀಗೆ ಇಳಿಸಿದ ಮೇಲಿನ ವೇಗ 64 ಕೆಬಿಪಿಎಸ್. ಬಿಎಸ್‌ಎನ್‌ಎಲ್‌ನ ಹೆಚ್ಚಿನ ಪ್ಲಾನ್‌ಗಳಲ್ಲಿ 40. ರಾತ್ರಿ 12ಕ್ಕೆ ಕೋಟಾ ಮತ್ತೆ ಹೊಸದು.

64 ಕೆಬಿಪಿಎಸ್ ಎಂದರೆ ಎಷ್ಟು ಎಂಬುದನ್ನು ಬಿಡಿಸಿ ನೋಡಬೇಕು, ಯಾಕೆಂದರೆ ಅಂಕಿ ಕೇಳಲು ಅಷ್ಟೇನೂ ಕೆಟ್ಟದಾಗಿಲ್ಲ. ಅದು ಕಿಲೋಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 8 ಕಿಲೋಬೈಟ್. ಪಹಣಿಯನ್ನು ಫೋನಿನಲ್ಲಿ ಫೋಟೋ ಹೊಡೆದರೆ 2 ಎಂಬಿ ಆಗುತ್ತದೆ ಅಂದುಕೊಳ್ಳಿ. ಅದನ್ನು ಈ ವೇಗದಲ್ಲಿ ಇಳಿಸಿಕೊಳ್ಳಲು 250 ಸೆಕೆಂಡು, ಅಂದರೆ ನಾಲ್ಕು ನಿಮಿಷದ ಮೇಲೆ ಬೇಕು. ಗಂಟೆಗಟ್ಟಲೆ ಒಂದೇ ಸಮ ಎಳೆದರೂ ಗಂಟೆಗೆ 29 ಎಂಬಿ ದಾಟುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಅಕ್ಷರದ ಮೆಸೇಜ್ ಹೋಗುತ್ತದೆ, ವಾಯ್ಸ್ ನೋಟ್ ತಡವಾಗಿ ಹೋಗುತ್ತದೆ, ವಿಡಿಯೋ ಅಂತೂ ಇಲ್ಲವೇ ಇಲ್ಲ. ಯುಪಿಐಗೆ ಬೇಕಾಗುವ ಡೇಟಾ ಕೆಲವೇ ಕಿಲೋಬೈಟ್, ಲೆಕ್ಕಕ್ಕೆ ಅದು ನಡೆಯಬೇಕು. ಆದರೆ ಆ್ಯಪ್ ತೆರೆಯುವಾಗ ಬರುವ ಬ್ಯಾನರು, ಆಫರು, ಹಿಂದೆ ಮರೆಯಲ್ಲಿ ಓಡುತ್ತಿರುವ ಇನ್ನೊಂದು ಆ್ಯಪಿನ ಬ್ಯಾಕಪ್ಪು, ಎಲ್ಲವೂ ಆ 8 ಕಿಲೋಬೈಟಿಗೇ ಕೈಚಾಚುತ್ತವೆ. ಅಷ್ಟರಲ್ಲಿ ಟೈಮ್ ಔಟ್. ಅಂಗಡಿ ಮುಂದೆ ಮಾನ ಹೋಗುವುದು ಹೀಗೆ.

ಇದರ ಬಗ್ಗೆ ನಿಮ್ಮ ಸಿಟ್ಟು ನ್ಯಾಯವೇ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು ಎಂದು ವ್ಯಾಖ್ಯಾನ ಬದಲಿಸಿತು. 64 ಕೆಬಿಪಿಎಸ್ ಅದರ ಮೂವತ್ತೊಂದನೇ ಒಂದು ಪಾಲು. ಮನೆಗೆ ತಂತಿಯಲ್ಲಿ ಬರುವ ಬ್ರಾಡ್‌ಬ್ಯಾಂಡಿಗೆ, ಕೋಟಾ ಮುಗಿದ ಮೇಲೂ 512 ಕೆಬಿಪಿಎಸ್‌ಗಿಂತ ಕೆಳಗಿಳಿಸುವಂತಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರ ಅಕ್ಟೋಬರ್ ನಿರ್ದೇಶನದಲ್ಲಿ ಹೇಳಿದೆ. ಮೊಬೈಲಿಗೆ ಅಂಥ ತಳ ಹಾಕಲಿಲ್ಲ. ಆದರೆ ಕೋಟಾ ಎಷ್ಟು, ಮುಗಿಯುವ ತನಕ ಎಂಥ ಸೇವೆ, ಮುಗಿದ ಮೇಲೆ ಎಷ್ಟು ವೇಗ ಎಂಬುದನ್ನು ಮುಚ್ಚಿಡದೆ ತಿಳಿಸಬೇಕು ಎಂದು ಅದೇ ನಿರ್ದೇಶನ ಹೇಳುತ್ತದೆ. ಕಂಪನಿಗಳು ಪ್ಲಾನಿನ ವಿವರದಲ್ಲಿ ಸಣ್ಣಕ್ಷರದಲ್ಲಿ ತಿಳಿಸುತ್ತವೆ. ತಿಳಿಸಿದ್ದಾರಲ್ಲ, ಹಾಗಾಗಿ ‘ಮೋಸ’ ಎಂಬ ವಾದ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಎಟಿ ಆ್ಯಂಡ್ ಟಿ ಕಂಪನಿ ಅನ್‌ಲಿಮಿಟೆಡ್ ಗ್ರಾಹಕರ ವೇಗ ಇಳಿಸಿದ್ದಕ್ಕೆ 2019ರಲ್ಲಿ 6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಲ್ಲಿಯ ಆರೋಪ ಇದ್ದದ್ದೂ ಇಳಿಸಿದ ವಿಷಯವನ್ನು ಗ್ರಾಹಕರಿಗೆ ಸರಿಯಾಗಿ ಹೇಳಲಿಲ್ಲ ಎಂಬುದರ ಮೇಲೆ.

ಇನ್ನು ನಿಮ್ಮದು 5ಜಿ ಫೋನ್ ಎಂದಿರಿ. ಇಲ್ಲೊಂದು ಸಿಕ್ಕು ಇದೆ. 2024ರ ಜುಲೈನಲ್ಲಿ ದರ ಏರಿಸಿದ ಮೇಲೆ ಜಿಯೋ, ಏರ್‌ಟೆಲ್ ಎರಡೂ ಲೆಕ್ಕವಿಲ್ಲದ 5ಜಿ ಡೇಟಾವನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ಮೇಲಿನ ಪ್ಲಾನ್‌ಗಳಿಗೆ ಸೀಮಿತ ಮಾಡಿದವು. ನಿಮ್ಮ ಪ್ಲಾನಿಗೆ ಅದು ಇದೆಯೇ ಎಂದು ಕಂಪನಿಯ ಆ್ಯಪ್‌ನಲ್ಲಿ ನೋಡಿ, ರೀಚಾರ್ಜ್ ಅಂಗಡಿಯವರ ಮಾತು ಸಾಲದು. ಇದ್ದರೂ ಅದು ಲೆಕ್ಕವಿಲ್ಲದ್ದು 5ಜಿ ಸಿಗ್ನಲ್ ಇರುವ ತನಕ ಮಾತ್ರ. ಫೋನ್ 4ಜಿಗೆ ಇಳಿದ ಕ್ಷಣದಿಂದ ಆ 2 ಜಿಬಿ ಕರಗತೊಡಗುತ್ತದೆ. 5ಜಿಯ ದೊಡ್ಡ ಪಾಲು ಓಡುವುದು 3300 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳಲ್ಲಿ. ಅವು ಗೋಡೆ ದಾಟುವುದರಲ್ಲಿ ಬಲು ಸೋಮಾರಿ. ಜಗುಲಿಯಲ್ಲಿ ಕೂತಾಗ 5ಜಿ, ನಡುಮನೆಗೆ ಬಂದರೆ 4ಜಿ, ತಗಡಿನ ಶೀಟ್ ಹೊದಿಸಿದ ಕೋಣೆಯಲ್ಲಂತೂ ಕೇಳುವುದೇ ಬೇಡ. ‘ನಂದು 5ಜಿ ಅನ್‌ಲಿಮಿಟೆಡ್’ ಅಂದುಕೊಂಡು ನಡುಮನೆಯಲ್ಲಿ ಕ್ರಿಕೆಟ್ ಹಾಕಿದವರ ಕೋಟಾ ಗೊತ್ತಿಲ್ಲದೆ ಖಾಲಿಯಾಗುತ್ತದೆ. 720ಪಿ ಗುಣಮಟ್ಟದ ವಿಡಿಯೋ ಗಂಟೆಗೆ ಹೆಚ್ಚೂಕಮ್ಮಿ 1 ಜಿಬಿ ನುಂಗುತ್ತದೆ. ಏಳೂವರೆಗೆ ಶುರುವಾದ ಐಪಿಎಲ್ ಪಂದ್ಯದ ಎರಡನೇ ಇನಿಂಗ್ಸ್ ಹೊತ್ತಿಗೆ 2 ಜಿಬಿ ಮುಗಿದಿರುತ್ತದೆ, ಚೇಸಿಂಗ್ ನೋಡುವ ಭಾಗ್ಯ ಇಲ್ಲ.

ಈಗ ಎರಡನೇ ಕಾಯಿಲೆ. ಕಡ್ಡಿ ಪೂರ್ತಿ, ಕೋಟಾ ಬಾಕಿ, ಆದರೂ ನೆಟ್ ಇಲ್ಲ. ಹೀಗೆ ಅಂದುಕೊಳ್ಳಿ: ಬೆಳಗ್ಗೆ ಮಂಡ್ಯ ಸ್ಟೇಷನ್ನಿಗೆ ಮೈಸೂರು ರೈಲು ಬಂದು ನಿಂತಿದೆ, ಕಣ್ಣೆದುರೇ ಇದೆ, ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಕಡ್ಡಿಗಳು ತೋರಿಸುವುದು ರೈಲು ಬಂದಿದೆ ಎಂಬುದನ್ನು ಮಾತ್ರ.

ಜಾಗ ಯಾಕಿಲ್ಲ ಎಂಬುದಕ್ಕೆ ಒಂದು ಲೆಕ್ಕ. ಟವರಿನ ಮೇಲೆ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಸೆಕ್ಟರ್ ಇರುತ್ತವೆ. ಒಂದು ಸೆಕ್ಟರಿನ ವೇಗವನ್ನು ಆ ದಿಕ್ಕಿನಲ್ಲಿರುವ ಎಲ್ಲರೂ ಹಂಚಿಕೊಳ್ಳಬೇಕು. 850 ಅಥವಾ 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ (ಸಿಗ್ನಲ್ ಓಡುವ ಅಲೆಗಳ ಪಟ್ಟಿಗೆ ಈ ಹೆಸರು) 4ಜಿಗೆ 5 ಮೆಗಾಹರ್ಟ್ಸ್ ಅಗಲದ ದಾರಿ ಇದ್ದರೆ, ಎರಡು ಆಂಟೆನಾದ ಸಾಮಾನ್ಯ ಜೋಡಣೆಯಲ್ಲಿ ಅದರಿಂದ ಹೊರಡುವ ಗರಿಷ್ಠ ವೇಗ ಕಾಗದದ ಮೇಲೆ ಸುಮಾರು 37 ಎಂಬಿಪಿಎಸ್. ನಿಜದಲ್ಲಿ ಅದರ ಅರ್ಧ ಸಿಕ್ಕರೆ ಪುಣ್ಯ. ಸಂಜೆ ಎಂಟಕ್ಕೆ ಮೂವತ್ತು ಮನೆಯವರು ಒಟ್ಟಿಗೆ ವಿಡಿಯೋ ಹಚ್ಚಿದರೆ ತಲೆಗೆ ಅರ್ಧ ಎಂಬಿಪಿಎಸ್ ಚಿಲ್ಲರೆ. ಅದೇ 20 ಮೆಗಾಹರ್ಟ್ಸ್ ಅಗಲವಿದ್ದರೆ 150 ಎಂಬಿಪಿಎಸ್ ತನಕ ಹೋಗಬಹುದು. ಆದರೆ ಅಗಲವಾದ ದಾರಿಗಳು ಇರುವುದು 1800, 2300ರಂಥ ಮೇಲಿನ ಬ್ಯಾಂಡುಗಳಲ್ಲಿ, ಅವು ಮನೆಯೊಳಗೆ ದುರ್ಬಲ. ಫೋನು ಏನು ಮಾಡುತ್ತದೆ? ಒಳಕೋಣೆಯಲ್ಲಿ ಗಟ್ಟಿಯಾಗಿ ಕೇಳಿಸುವ ಕೆಳಗಿನ ಬ್ಯಾಂಡಿಗೆ ಜೋತು ಬೀಳುತ್ತದೆ. ಕಡ್ಡಿ ಪೂರ್ತಿ ತೋರಿಸುತ್ತದೆ, ದಾರಿ ಮಾತ್ರ ಕಾಲುದಾರಿ. ನಿಮ್ಮ ‘ಸಿಗ್ನಲ್ ಫುಲ್, ನೆಟ್ ನಿಲ್’ ಒಗಟಿಗೆ ಬಹುಪಾಲು ಉತ್ತರ ಇದೇ. ಟವರಿಗೆ ಫೈಬರ್ ಬಾರದೆ ಇನ್ನೊಂದು ಟವರಿನಿಂದ ಮೈಕ್ರೋವೇವ್‌ನಲ್ಲಿ ನೆಟ್ ಬರುತ್ತಿದ್ದರೆ ಅಲ್ಲೂ ಗಂಟಲು ಕಟ್ಟುತ್ತದೆ, ಅದು ನಿಮ್ಮ ಫೋನಿಗೆ ಕಾಣುವುದಿಲ್ಲ. ಸರಸ್ವತೀಪುರಂನಲ್ಲಿ ಅದೇ ಸಿಮ್ ಓಡಿದರೆ ಸಿಮ್ಮು, ಫೋನು, ಪ್ಲಾನು ಮೂರೂ ಸರಿ ಇವೆ ಎಂದಾಯಿತು. ಈ ಒಂದು ಸಂಗತಿಯನ್ನು ದೂರಿನಲ್ಲಿ ಬರೆಯಲು ಮರೆಯಬೇಡಿ.

ಹಾಗಿದ್ದರೆ ಕಾಲ್ ಯಾಕೆ ಸ್ಪಷ್ಟವಾಗಿ ಬರುತ್ತದೆ? ವೋಲ್ಟೆ ಕಾಲಿಗೆ, ಅಂದರೆ 4ಜಿಯಲ್ಲೇ ಹೋಗುವ ಮಾಮೂಲಿ ಕಾಲಿಗೆ, ನೆಟ್‌ವರ್ಕ್ ಬೇರೆಯದೇ ಆದ, ಆದ್ಯತೆಯ ಸಾಲು ಇಟ್ಟಿರುತ್ತದೆ. ಡೇಟಾ ಸಾಲು ಎಷ್ಟೇ ಉದ್ದವಿದ್ದರೂ ಕಾಲು ಪಕ್ಕದ ಬಾಗಿಲಿನಿಂದ ಒಳಗೆ ಹೋಗುತ್ತದೆ. ವಾಟ್ಸ್ಆ್ಯಪ್ ಕಾಲಿಗೆ ಆ ಭಾಗ್ಯವಿಲ್ಲ.

ಯಾವ ದಿನ ಯಾವುದು ಎಂದು ಹಿಡಿಯುವ ಬಗೆ ಹೀಗೆ. ನೆಟ್ ನಿಂತ ತಕ್ಷಣ ಮೊದಲು ಕಂಪನಿಯ ಆ್ಯಪ್ ತೆರೆದು ಆ ದಿನದ ಬಾಕಿ ಕೋಟಾದ ಸ್ಕ್ರೀನ್‌ಶಾಟ್ ತೆಗೆಯಿರಿ, ಗಂಟೆ ಕಾಣುವ ಹಾಗೆ. ಆಮೇಲೆ ಸಿಗ್ನಲ್ಲಿನ ನಿಜವಾದ ಅಂಕಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ‘ಡಿಬಿಎಂ’ ಎಂದು ಮೈನಸ್ ಅಂಕಿಯೊಂದು ಇರುತ್ತದೆ. ಹಲವು ಫೋನ್‌ಗಳಲ್ಲಿ *#*#4636#*#* ಒತ್ತಿದರೂ ಬರುತ್ತದೆ. ಐಫೋನಾದರೆ *3001#12345#* ಒತ್ತಿ ಕಾಲ್ ಬಟನ್ ಅದುಮಬೇಕು. 4ಜಿಯಲ್ಲಿ ಮೈನಸ್ 80-90ರ ಆಸುಪಾಸು ಚೆನ್ನಾಗಿದೆ, 100-105 ನಡೆಯುತ್ತದೆ, 110 ದಾಟಿದರೆ ದುರ್ಬಲ, 120 ಅಂದರೆ ಎಳೆದಾಟ. ಮೈನಸ್ ಇರುವುದರಿಂದ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಬಡವ, ಇಲ್ಲಿ ಹಲವರು ಉಲ್ಟಾ ಓದುತ್ತಾರೆ. ಯಾವ ಬ್ಯಾಂಡು ಎಂದು ನೋಡಬೇಕೆಂದರೆ ನೆಟ್‌ಮಾನ್‌ಸ್ಟರ್ ಥರದ ಆ್ಯಪ್ ಹಾಕಿಕೊಳ್ಳಿ. ಬ್ಯಾಂಡ್ 5 ಎಂದರೆ 850, ಬ್ಯಾಂಡ್ 8 ಎಂದರೆ 900, ಬ್ಯಾಂಡ್ 3 ಎಂದರೆ 1800, ಬ್ಯಾಂಡ್ 40 ಎಂದರೆ 2300.

ಕೊನೆಗೆ ವೇಗದ ಪರೀಕ್ಷೆ. ಟ್ರಾಯ್‌ನದೇ ಆದ ಮೈಸ್ಪೀಡ್ ಆ್ಯಪ್ ಇದೆ, ದೂರಿಗೆ ಅದರ ಫಲಿತಾಂಶ ಲಗತ್ತಿಸುವುದು ಒಳ್ಳೆಯದು. ಒಂದು ಎಚ್ಚರಿಕೆ: ಪರೀಕ್ಷೆಯೇ ಡೇಟಾ ತಿನ್ನುತ್ತದೆ. 400 ಎಂಬಿಪಿಎಸ್ ಬರುವ 5ಜಿಯಲ್ಲಿ 12 ಸೆಕೆಂಡ್ ಡೌನ್‌ಲೋಡ್ ಪರೀಕ್ಷೆ ಎಂದರೆ 600 ಎಂಬಿ. ನೆಟ್ ಚೆನ್ನಾಗಿರುವಾಗ ಖುಷಿಗೆ ನಾಲ್ಕು ಸಲ ಒತ್ತಿ, ಮಧ್ಯೆ ಒಮ್ಮೆ 4ಜಿಗೆ ಇಳಿದರೆ ಸಂಜೆಯ ಪಾಲು ಆಗಲೇ ಹೋಯಿತು.

ಫಲಿತಾಂಶ ಓದುವುದು ಸುಲಭ. ಮೂರು ಸಲ ಮಾಡಿದರೂ 0.06 ಎಂಬಿಪಿಎಸ್ ಎಂದು ಗೆರೆ ಎಳೆದಂತೆ ನಿಂತರೆ ಅದು ಕೋಟಾ ಮುಗಿದ ಇಳಿಕೆ. ಯಂತ್ರ ಕಟ್ಟಿದ ಮಿತಿ ಕುಣಿಯುವುದಿಲ್ಲ. ಒಮ್ಮೆ 0.4, ಮತ್ತೊಮ್ಮೆ 2.8, ಇನ್ನೊಮ್ಮೆ 0.9 ಎಂದು ಏರುಪೇರಾದರೆ, ಸಿಗ್ನಲ್ ಅಂಕಿಯೂ ಮೈನಸ್ 95ಕ್ಕಿಂತ ಚೆನ್ನಾಗಿದ್ದರೆ, ಅದು ಟವರಿನ ಸಂದಣಿ. ಏರುಪೇರಿನ ಜೊತೆಗೆ ಸಿಗ್ನಲ್ಲೂ 110 ದಾಟಿದ್ದರೆ ನೀವಿರುವ ಜಾಗದ ತೊಂದರೆ, ಕಿಟಕಿ ಪಕ್ಕ ಹೋಗಿ ಮತ್ತೆ ನೋಡಿ.

ಇನ್ನೂ ಅನುಮಾನವಿದ್ದರೆ ರಾತ್ರಿ 11:50ಕ್ಕೆ ಒಮ್ಮೆ, 12:10ಕ್ಕೆ ಒಮ್ಮೆ ಪರೀಕ್ಷೆ ಮಾಡಿ. ಎರಡನೇ ಸಲಕ್ಕೆ ಮೊದಲು ಏರೋಪ್ಲೇನ್ ಮೋಡ್ ಹಾಕಿ ತೆಗೆಯಬೇಕು, ಇಲ್ಲದಿದ್ದರೆ ಹಳೆಯ ಸೆಷನ್ನಿನ ಮಿತಿ ಸ್ವಲ್ಪ ಹೊತ್ತು ಹಾಗೇ ಅಂಟಿಕೊಂಡಿರಬಹುದು. 11:50ಕ್ಕೆ 0.06 ಇದ್ದದ್ದು 12:10ಕ್ಕೆ ಒಂದೇ ನೆಗೆತಕ್ಕೆ 15 ಆದರೆ ಕೋಟಾ. ಎಂಟು ಗಂಟೆಗೆ 0.7, ಹತ್ತೂವರೆಗೆ 3, ಹನ್ನೆರಡಕ್ಕೆ 9, ಒಂದು ಗಂಟೆಗೆ 20 ಎಂದು ಮೆಟ್ಟಿಲು ಹತ್ತಿದಂತೆ ಏರಿದರೆ ಊರು ಮಲಗಿದ ಹಾಗೆಲ್ಲ ಟವರು ಖಾಲಿಯಾಗಿದೆ ಎಂದರ್ಥ. ಕಸ್ಟಮರ್ ಕೇರ್‌ನವರು ಅಲ್ಲಗಳೆಯಲಾಗದ ಪುರಾವೆ ಇದು, ಖರ್ಚು ಒಂದು ರಾತ್ರಿಯ ನಿದ್ದೆ.

ಬೇಕಂತಲೇ ಮಾಡುತ್ತಾರಾ ಎಂದು ಕೇಳಿದಿರಿ. ಪ್ರಿಪೇಯ್ಡ್‌ನವರನ್ನು ಹಿಂದೆ ಹಾಕಿ ದುಬಾರಿ ಪ್ಲಾನಿನವರಿಗೆ ವೇಗ ಕೊಡುವ ಪ್ರಯತ್ನ ನಡೆದದ್ದುಂಟು. 2020ರಲ್ಲಿ ಏರ್‌ಟೆಲ್‌ನ ಪ್ಲಾಟಿನಂ, ವೊಡಾಫೋನ್ ಐಡಿಯಾದ ರೆಡ್‌ಎಕ್ಸ್ ಪ್ಲಾನ್‌ಗಳು ಆದ್ಯತೆಯ ವೇಗದ ಭರವಸೆ ಕೊಟ್ಟಿದ್ದವು. ಜುಲೈನಲ್ಲಿ ಟ್ರಾಯ್ ಅವಕ್ಕೆ ತಡೆ ಹಾಕಿ, ಉಳಿದ ಗ್ರಾಹಕರ ಸೇವೆ ಇದರಿಂದ ಕೆಡುತ್ತದೆಯೇ ಎಂದು ಪ್ರಶ್ನಿಸಿತು. ಯೂಟ್ಯೂಬ್ ಒಂದನ್ನೇ ಅಥವಾ ವಾಟ್ಸ್ಆ್ಯಪ್ ಒಂದನ್ನೇ ನಿಧಾನ ಮಾಡುವುದಕ್ಕೂ ನಮ್ಮಲ್ಲಿ ಅವಕಾಶವಿಲ್ಲ, 2018ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ನೆಟ್ ನ್ಯೂಟ್ರಾಲಿಟಿಯನ್ನು, ಅಂದರೆ ಎಲ್ಲ ಆ್ಯಪಿನ ಡೇಟಾವನ್ನೂ ಸಮನಾಗಿ ನೋಡಬೇಕೆಂಬ ತತ್ವವನ್ನು, ಒಪ್ಪಿ ಆಗಿದೆ. ನಿಮ್ಮ ಕೇಸಿನಲ್ಲಿ ಸಂಚಿಗಿಂತ ಜಿಪುಣತನದ ವಾಸನೆಯೇ ಹೆಚ್ಚು: ಸಿಮ್ ಮಾರಿದಷ್ಟು ವೇಗವಾಗಿ ಟವರಿನ ಸಾಮರ್ಥ್ಯ ಏರಿಸಿಲ್ಲ. ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿದರೂ ಅದೇ ಟವರು, ಅದೇ ಸಂದಣಿ, ಬಿಲ್ ಮಾತ್ರ ಬೇರೆ.

ಕೋಟಾ ಸೋರುವುದನ್ನು ನಿಲ್ಲಿಸುವುದು ಅರ್ಧ ಗಂಟೆಯ ಕೆಲಸ. ಸೆಟ್ಟಿಂಗ್ಸ್‌ನ ಡೇಟಾ ಯೂಸೇಜ್‌ನಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಎಂಬ ಪಟ್ಟಿ ಇದೆ. ಮೇಲಿನ ಮೂರನ್ನು ಹಿಡಿದರೆ ಸಾಕು, ಉಳಿದವು ಇರುವೆಗಳು. ಯೂಟ್ಯೂಬ್‌ನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೋ ಕ್ವಾಲಿಟಿ, ಮೊಬೈಲ್ ನೆಟ್‌ವರ್ಕ್ ಎಂಬಲ್ಲಿ ಡೇಟಾ ಸೇವರ್ ಆರಿಸಿ. 480ಪಿಗೆ ಇಳಿಸಿದರೆ ಖರ್ಚು ಅರ್ಧಕ್ಕಿಳಿಯುತ್ತದೆ, ಆರಿಂಚಿನ ಪರದೆಯಲ್ಲಿ ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ತಿಳಿಯುವುದಿಲ್ಲ. ವಾಟ್ಸ್ಆ್ಯಪ್‌ನ ಸ್ಟೋರೇಜ್ ಆ್ಯಂಡ್ ಡೇಟಾದಲ್ಲಿ ಮೊಬೈಲ್ ಡೇಟಾ ಇರುವಾಗಿನ ಆಟೋ ಡೌನ್‌ಲೋಡ್‌ನ ನಾಲ್ಕೂ ಟಿಕ್ ತೆಗೆಯಿರಿ. ನೆಂಟರ ಗ್ರೂಪಿನ ಶುಭೋದಯದ ವಿಡಿಯೋಗಳು ಕೋಟಾಕ್ಕೆ ಕನ್ನ ಹಾಕುವುದು ಈ ಕಿಂಡಿಯಿಂದ. ಗೂಗಲ್ ಫೋಟೋಸ್ ಬ್ಯಾಕಪ್, ಪ್ಲೇಸ್ಟೋರ್ ಅಪ್‌ಡೇಟ್ ಎರಡನ್ನೂ ವೈಫೈ ಇರುವಾಗ ಮಾತ್ರ ಎಂದು ಬದಲಿಸಿ. ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಕೊಡುವವರಾದರೆ ವಿಂಡೋಸ್‌ನಲ್ಲಿ ಆ ಸಂಪರ್ಕವನ್ನು ಮೀಟರ್ಡ್ (ಲೆಕ್ಕವಿಟ್ಟು ಬಳಸಬೇಕಾದದ್ದು) ಎಂದು ಗುರುತಿಸಲೇಬೇಕು. ಇಲ್ಲದಿದ್ದರೆ ಒಂದು ಅಪ್‌ಡೇಟು ಸಾಕು, ಎರಡು ಜಿಬಿ ಒಂದೇ ಗುಟುಕು.

ಅಂಗಡಿಯಲ್ಲಿ ಸಿಕ್ಕಿಹಾಕಿಕೊಂಡಾಗ *99# ನೆನಪಿರಲಿ. ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರಿನಿಂದ ಒತ್ತಿದರೆ ಡೇಟಾ ಇಲ್ಲದೆಯೇ ಯುಪಿಐ ಪಾವತಿ ಆಗುತ್ತದೆ, ಒಮ್ಮೆಗೆ 5,000 ರೂಪಾಯಿ ತನಕ. ಮೆನು ಹಳೇ ಕಾಲದ್ದು, ಆದರೆ ತರಕಾರಿ ಚೀಲ ವಾಪಸ್ ಇಟ್ಟು ಬರುವುದು ತಪ್ಪುತ್ತದೆ. ಮೊದಲ ಸಲ ಡೆಬಿಟ್ ಕಾರ್ಡಿನ ವಿವರ ಕೇಳಬಹುದು, ಅದನ್ನು ಮನೆಯಲ್ಲೇ ಮುಗಿಸಿಟ್ಟುಕೊಳ್ಳಿ.

ಸಂದಣಿಗೆ ಮನೆಯಲ್ಲೇ ಮಾಡಬಹುದಾದದ್ದು ಕಡಿಮೆ, ಇಲ್ಲವೆಂದಲ್ಲ. ಕಿಟಕಿ ಅಥವಾ ಟೆರೇಸ್ ಕಡೆಗೆ ಫೋನ್ ಒಯ್ದು ಬ್ಯಾಂಡ್ 5ರಿಂದ 3ಕ್ಕೋ 40ಕ್ಕೋ ಹಾರುತ್ತದೆಯೇ ನೋಡಿ. ಹಾರಿದರೆ ಕಡ್ಡಿ ಎರಡು ಕಡಿಮೆಯಾಗಿ ವೇಗ ನಾಲ್ಕು ಪಟ್ಟಾಗುವ ವಿಚಿತ್ರ ಕಾಣುತ್ತೀರಿ. 5ಜಿ ಬಂದು ಹೋಗಿ ಮಾಡುವ ಜಾಗದಲ್ಲಿ ನೆಟ್‌ವರ್ಕ್ ಮೋಡನ್ನು 4ಜಿಗೆ ಕಟ್ಟಿದರೆ ತಡವರಿಕೆ ನಿಲ್ಲಬಹುದು, ಆದರೆ ಆಗ ಪ್ರತಿ ಎಂಬಿಯೂ ಕೋಟಾದಿಂದಲೇ ಹೋಗುತ್ತದೆ.

ಇನ್ನು ದೂರು. ಕನಿಷ್ಠ ಏಳು ದಿನದ ಅಳತೆ ಇಟ್ಟುಕೊಳ್ಳಿ: ದಿನಾಂಕ, ಗಂಟೆ, ಬಾಕಿ ಕೋಟಾ, ಡಿಬಿಎಂ, ಬ್ಯಾಂಡ್, ವೇಗ. ಬೆಳಗ್ಗೆ ಆರಕ್ಕೆ ಒಂದು, ರಾತ್ರಿ ಎಂಟೂವರೆಗೆ ಒಂದು ಸಾಕು, ಜಾಗ ಮಾತ್ರ ಒಂದೇ ಇರಲಿ. ಆಮೇಲೆ 198ಕ್ಕೆ ಕಾಲ್ ಮಾಡಿ, ಅದು ದೂರಿನ ನಂಬರು. 121 ಮಾಹಿತಿಯ ನಂಬರು, ಅಲ್ಲಿ ಹೇಳಿಕೊಂಡದ್ದು ದೂರಾಗಿ ದಾಖಲಾಗದೆ ಹೋಗಬಹುದು. ಹೇಳಬೇಕಾದ ಮಾತು ಹೆಚ್ಚು ಬೇಡ, ಇಷ್ಟು ಸಾಕು: “ಸ್ವರ್ಣಸಂದ್ರದ ನನ್ನ ಮನೆಯಲ್ಲಿ ದಿನಾ ಸಂಜೆ 7ರಿಂದ 10ರ ತನಕ 4ಜಿ ವೇಗ 1 ಎಂಬಿಪಿಎಸ್ ದಾಟುತ್ತಿಲ್ಲ. ದಿನದ ಕೋಟಾ ಬಾಕಿ ಇದೆ. ಸಿಗ್ನಲ್ ಮೈನಸ್ 84, ಬ್ಯಾಂಡ್ 5. ಬೆಳಗ್ಗೆ ಅದೇ ಜಾಗದಲ್ಲಿ 18 ಎಂಬಿಪಿಎಸ್ ಬರುತ್ತದೆ. ಅದೇ ಸಿಮ್, ಅದೇ ಫೋನ್ ಮೈಸೂರಿನಲ್ಲಿ ಸರಿ ಇವೆ. ಸೆಕ್ಟರ್ ಸಂದಣಿ ಪರೀಕ್ಷಿಸಿ. ಡಾಕೆಟ್ ನಂಬರ್ ಕೊಡಿ.” ಅಂಕಿಗಳು ನಿಮ್ಮವೇ ಇರಲಿ. ಹೀಗೆ ಹೇಳಿದವರಿಗೆ ಫೋನ್ ಆಫ್-ಆನ್ ಮಾಡಿ ಎನ್ನಲು ಆ ಕಡೆಯವರಿಗೂ ಬಾಯಿ ಬರುವುದಿಲ್ಲ. ಡಾಕೆಟ್ ನಂಬರ್, ಅಂದರೆ ದೂರು ದಾಖಲಾದ ಸಂಖ್ಯೆ, ಎಸ್ಸೆಮ್ಮೆಸ್‌ನಲ್ಲಿ ಬರಬೇಕು. ಬಾರದಿದ್ದರೆ ದೂರು ದಾಖಲಾಗಿಲ್ಲ ಎಂದೇ ತಿಳಿದು ಮತ್ತೆ ಕಾಲ್ ಮಾಡಿ.

‘ಪರಿಹರಿಸಲಾಗಿದೆ’ ಎಂಬ ಮೆಸೇಜ್ ಬಂದು ಏನೂ ಬದಲಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. 2012ರ ಟ್ರಾಯ್ ನಿಯಮದಂತೆ ಪ್ರತಿ ಕಂಪನಿಯೂ ಇದನ್ನು ಇಟ್ಟಿರಲೇಬೇಕು. ದೂರಿನ ಗಡುವು ಮುಗಿದ 30 ದಿನದೊಳಗೆ ಮನವಿ ಸಲ್ಲಿಸಬೇಕು, 39 ದಿನದೊಳಗೆ ಅವರು ತೀರ್ಮಾನಿಸಬೇಕು, ಶುಲ್ಕವಿಲ್ಲ. ಬಹಳ ಜನ ಈ ಮೆಟ್ಟಿಲು ಹಾರಿ ನೇರ ಟ್ರಾಯ್‌ಗೆ ಬರೆಯುತ್ತಾರೆ. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರು ವಿಚಾರಿಸುವುದಿಲ್ಲ, ಪತ್ರವನ್ನು ಕಂಪನಿಗೇ ದಾಟಿಸುತ್ತದೆ. ಮೇಲ್ಮನವಿಯೂ ಆಗಲಿಲ್ಲವೆಂದರೆ ಕೇಂದ್ರದ ಸಾರ್ವಜನಿಕ ಕುಂದುಕೊರತೆಯ ಪಿಜಿ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಯನ್ನು ಆರಿಸಿ ಡಾಕೆಟ್ ಮತ್ತು ಮೇಲ್ಮನವಿ ನಂಬರ್ ಸಮೇತ ಹಾಕಿ. 2024ರ ಮಾರ್ಗಸೂಚಿ ಪ್ರಕಾರ ಅಲ್ಲಿ 21 ದಿನದ ಗಡುವಿದೆ. ಇದರ ಜೊತೆಗೆ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ನಿಮ್ಮ ಸುತ್ತಲಿನ ಟವರುಗಳು ಯಾವ ಕಂಪನಿಯವು ಎಂದು ನೋಡಿಕೊಂಡರೆ ದೂರಿನಲ್ಲಿ ಟವರನ್ನೇ ಬೊಟ್ಟು ಮಾಡಿ ತೋರಿಸಬಹುದು.

ಕೊನೆಯ ಮೆಟ್ಟಿಲು ಗ್ರಾಹಕ ಆಯೋಗ. ಟೆಲಿಕಾಂ ಜಗಳ ಗ್ರಾಹಕ ಆಯೋಗಕ್ಕೆ ಬರುವುದಿಲ್ಲ ಎಂದು ಕಂಪನಿಗಳು ವರ್ಷಗಟ್ಟಲೆ ವಾದಿಸುತ್ತಿದ್ದವು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಬರುತ್ತದೆ ಎಂದು ತೀರ್ಪು ಕೊಟ್ಟು ಆ ಬಾಗಿಲು ತೆರೆಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದಾವೆ ಹಾಕಬಹುದು, ಅಂದರೆ ಮಂಡ್ಯ ಜಿಲ್ಲಾ ಆಯೋಗದಲ್ಲೇ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಸ್ಕ್ರೀನ್‌ಶಾಟ್‌ಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ, ಎಲೆಕ್ಟ್ರಾನಿಕ್ ಪುರಾವೆಗೆ ಬೇಕಾದ ಪ್ರಮಾಣಪತ್ರ ಇಡಿ, ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಜಾಗಕ್ಕೆ ಬಂದದ್ದು ಅದೇ. ಅದಕ್ಕೂ ಮೊದಲು 1915 ಗ್ರಾಹಕ ಸಹಾಯವಾಣಿಗೆ ಕಾಲ್ ಮಾಡಿ ನೋಡಿ, ಆಯೋಗದ ತನಕ ಹೋಗದೆಯೂ ಮಾತು ಬಗೆಹರಿಯುವುದುಂಟು. ನೇರವಾಗಿ ಹೇಳಬೇಕೆಂದರೆ, ಒಂದು ರೀಚಾರ್ಜಿನ ದುಡ್ಡಿಗಾಗಿ ಮಾತ್ರ ಆಯೋಗಕ್ಕೆ ಅಲೆಯುವುದು ಲಾಭದ ಬಾಬತ್ತಲ್ಲ. ಬೀದಿಯ ಹತ್ತು ಮನೆಯವರು ಅದೇ ಅಳತೆಗಳೊಂದಿಗೆ 198ಕ್ಕೆ ಹತ್ತು ಡಾಕೆಟ್ ಹಾಕಿದರೆ ಕೆಲಸ ಬೇಗ ಆಗುತ್ತದೆ. ಒಂದೇ ಸೆಕ್ಟರಿನ ಮೇಲೆ ದೂರು ಗುಡ್ಡೆ ಬಿದ್ದಾಗ ನೆಟ್‌ವರ್ಕ್ ತಂಡದವರ ಕಣ್ಣಿಗೆ ಅದು ಬೀಳಲೇಬೇಕು.

ಅಳತೆ ತೆಗೆಯುವ ವಾರ ಮಾತ್ರ ನೋಡಿ ಆರಿಸಿ. ದಸರಾದಲ್ಲಿ ಅರಮನೆ ಸುತ್ತ, ಪಂಜಿನ ಕವಾಯತಿನ ರಾತ್ರಿ ಬನ್ನಿಮಂಟಪದ ಹತ್ತಿರ ಯಾವ ಕಂಪನಿಯ ನೆಟ್ಟೂ ಉಸಿರಾಡುವುದಿಲ್ಲ. ಅಂಥ ದಿನದ ಅಂಕಿಯನ್ನು ‘ಜನ ಜಾಸ್ತಿ ಇದ್ದರು’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಮಾಮೂಲಿ ಮಂಗಳವಾರ, ಬುಧವಾರದ ಅಂಕಿಗೇ ಬೆಲೆ.

ಇಷ್ಟೆಲ್ಲ ಆಗಿಯೂ ಸರಿಹೋಗದಿದ್ದರೆ ಪೋರ್ಟ್ ಮಾಡಿ, ಅಂದರೆ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಿ, ಆದರೆ ಕುರುಡಾಗಿ ಬೇಡ. ಪಕ್ಕದ ಮನೆಯವರ ಬೇರೆ ಕಂಪನಿಯ ಸಿಮ್ಮಿನಲ್ಲಿ, ನಿಮ್ಮ ನಡುಮನೆಯಲ್ಲೇ ನಿಂತು, ರಾತ್ರಿ ಎಂಟೂವರೆಗೆ ಮೂರು ದಿನ ವೇಗ ನೋಡಿ. ಹಗಲು ಹನ್ನೊಂದರ ಪರೀಕ್ಷೆ ನಂಬಿ ಬದಲಾಯಿಸಿದವರು ಸಂಜೆ ಮತ್ತೆ ಅದೇ ಗೋಳಿಗೆ ಬೀಳುತ್ತಾರೆ, 90 ದಿನ ವಾಪಸ್ ಬರಲೂ ಆಗುವುದಿಲ್ಲ. ತೀರ್ಮಾನವಾದರೆ ಇಂಗ್ಲಿಷ್ ಅಕ್ಷರದಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರು ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಬರುವ ಎಂಟಕ್ಷರದ ಕೋಡು ನಾಲ್ಕು ದಿನ ನಡೆಯುತ್ತದೆ, ಅದರೊಳಗೆ ಹೊಸ ಕಂಪನಿಯ ಅಂಗಡಿಗೆ ಆಧಾರ್ ಸಮೇತ ಹೋಗಬೇಕು. ಕರ್ನಾಟಕ ಪೂರ್ತಿ ಒಂದೇ ವಲಯವಾದ್ದರಿಂದ ಮೂರು ಕೆಲಸದ ದಿನದಲ್ಲಿ ಮುಗಿಯುತ್ತದೆ. ಈಚೆಗೆ ಸಿಮ್ ಕಳೆದು ಬದಲಿ ಸಿಮ್ ತೆಗೆದುಕೊಂಡಿದ್ದರೆ ಏಳು ದಿನ ಕೋಡೇ ಬರುವುದಿಲ್ಲ, 2024ರ ಜುಲೈನಿಂದ ಬಂದ ನಿಯಮ ಅದು. ಹಳೆಯ ಪ್ಲಾನಿನಲ್ಲಿ ಉಳಿದ ದಿನಗಳು ಹೊಸ ಕಂಪನಿಗೆ ಬರುವುದಿಲ್ಲ, ದುಡ್ಡೂ ವಾಪಸ್ ಇಲ್ಲ. ಆದ್ದರಿಂದ 84 ದಿನದ ಕೊನೆಯ ವಾರ ಎಣಿಸಿಟ್ಟುಕೊಂಡು ಆಗ ಕಳಿಸಿ. ಮಗಳದ್ದೂ ಇದೇ ಕಂಪನಿಯಾದರೆ ಅವಳ ನಂಬರನ್ನು ಮುಟ್ಟುವ ಅಗತ್ಯ ಇಲ್ಲ. ಸರಸ್ವತೀಪುರಂನಲ್ಲಿ ಆ ಕಂಪನಿ ಚೆನ್ನಾಗಿಯೇ ಓಡುತ್ತಿದೆಯಲ್ಲ.